ನೆರಳಿನ ಲೆಕ್ಕ ಬಲ್ಲ ಅಜ್ಜ

ಕೊಟ್ಟೂರಿನ ಸರ್ಕಲ್ಲಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಅಜ್ಜ, ಯಾರೇ ಬಂದರೂ ಗೋಣಿತಟ್ಟು ಜಾಡಿಸಿ ಹಾಸಿ, "ಕುಂದರ್ರಿ, ಅವಸರ ಏನೈತಿ?" ಅನ್ನುತ್ತಿದ್ದರು.

ಸರ್ಕಲ್ಲನ್ನು ಜನ ಕೂಡುವ ಜಾಗವಾಗಿ ಹೊಸದಾಗಿ ಕಟ್ಟಲು ಎಂಜಿನಿಯರ್ ಬಂದಾಗ ನೆರವಾದದ್ದು ಅಜ್ಜನೇ. ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆ, ಬಸ್ಸಿಗೆ ಕಾಯುವ ಹೆಂಗಸರು ಎಲ್ಲಿ ಕೂರುತ್ತಾರೆ ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ಬೆಂಚುಗಳು ಅವರು ತೋರಿಸಿದಲ್ಲೇ ಬಂದವು. ಅಜ್ಜ ಕೂರುತ್ತಿದ್ದಲ್ಲಿ ಕಾರಂಜಿ ಬಂತು.

ಉದ್ಘಾಟನೆಯ ಮರುದಿನ ಅವರು ಹೊಸ ಗ್ರಿಲ್ಲಿನ ಹೊರಗೆ ನಿಂತಿದ್ದರು.

"ಒಳಗ ಬರ್ರಿ ಅಜ್ಜಾ. ನೀವು ಹೇಳಿದಂಗ ಮಾಡ್ಯಾರ," ಒಳಗೆ ಬೆಂಚಿನ ಮೇಲೆ ಕೂತಿದ್ದ ನಾನು ಕರೆದೆ.

ಬಂದು ಬೆಂಚಿನ ತುದಿಯಲ್ಲಿ ಕೂತರು. ಕೆಲಸವಿಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹರಟುವ ಜನರನ್ನು ಬಹಳ ಹೊತ್ತು ನೋಡಿದರು.

"ಚೊಲೊ ಆಗೈತ್ರಿ. ಎಲ್ಲಾರ ಜಾಗ ತೋರ್ಸಿದೆ. ನಂದು ಹೇಳೋದ ಮರ್ತೆ ನೋಡ್ರಿ," ಅಂದರು.