ಚೆಂಡುಹೂವಿನ ಕ್ಯಾಸೆಟ್ಟು

ಶಿಕಾರಿಪುರದ ನಮ್ಮ ಸೋದರಮಾವನ ಬಂಗಾರದ ಅಂಗಡಿಗೆ ಕ್ಯಾಮೆರಾ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ದೀಪಾವಳಿಗೆ. ಬಿ.ಎಸ್ಸಿ. ಮುಗಿಸಿ ಅಲ್ಲೇ ಕೆಲಸಕ್ಕೆ ಕೂತಿದ್ದ ನನ್ನ ಪಾಲಿಗೆ ರೆಕಾರ್ಡಿಂಗ್ ಹೊಂದಿಸುವ ಕೆಲಸ ಬಿತ್ತು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ನೋಡಿಕೊಂಡು ತಾರೀಕು, ಗಂಟೆ ಕೂರಿಸಿದೆ. ಇಡೀ ದಿನ ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಯುವಂತೆ ವೇಗ ತಗ್ಗಿಸಿದೆ. ಅಂಗಡಿ ಮುಚ್ಚಿದ ದಿನವೂ ತಾನಾಗಿ ರೆಕಾರ್ಡ್ ಆಗುವ ಹಾಗೆ ಮಾಡುವಷ್ಟರಲ್ಲಿ ಕರೆಂಟು ಹೋಗಿ ಎಲ್ಲ ಅಳಿಸಿಹೋಯಿತು; ಮತ್ತೆ ಮೊದಲಿನಿಂದ ಶುರು. ಕೊನೆಗೆ ಕೆಂಪು ದೀಪ ಹತ್ತಿತು.

ಲಕ್ಷ್ಮೀಪೂಜೆಯ ದಿನ ಅತ್ತೆ ತಕ್ಕಡಿಗೆ, ತಿಜೋರಿಗೆ ಹೂವೇರಿಸಿ, ಬಾಗಿಲ ಮೇಲೆ ಬೀದಿಗೆ ಮುಖ ಮಾಡಿದ್ದ ಕ್ಯಾಮೆರಾಕ್ಕೂ ಚೆಂಡುಹೂವಿನ ಸರ ಹಾಕಿಸಿದರು.

“ಪೂಜೆ ಮಾಡಿಸ್ಕಂಡು ಇದು ಕಳ್ಳರ ಕಡೆ ಸೇರದಿದ್ರೆ ಸಾಕು” ಎಂದರು ಮಾವ.

ಮರುದಿನ ನಮ್ಮ ಬೀದಿಯಲ್ಲಿ ಹೋರಿ ಬೆದರಿಸುವ ಹಬ್ಬ; ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿಗಳನ್ನು ಒಂದೊಂದಾಗಿ ಜನರ ನಡುವೆ ಓಡಿಸುತ್ತಾರೆ. ಸೊರಬದ ಕಡೆ ಹೊಸಬಾಳೆಯಿಂದ ಒಬ್ಬ ಯಜಮಾನರು ತಮ್ಮ ಹೋರಿ ತಂದಿದ್ದರು. ಅವರು ಬೀದಿಯ ಆ ತುದಿಯಲ್ಲಿ ಹೋರಿ ಬಿಡುವುದು, ಓಟ ಮುಗಿಸಿ ಬಂದದ್ದನ್ನು ಅವರ ಮಗ ಈ ತುದಿಯಲ್ಲಿ ಹಿಡಿಯುವುದು. ಆ ಹುಡುಗ ಹಗ್ಗ ಹಿಡಿದು ನಮ್ಮ ಅಂಗಡಿ ಕಟ್ಟೆಯ ಕೆಳಗೆ ನಿಂತಿದ್ದ, ನಾನು ಕಟ್ಟೆಯ ಅಂಚಿನಲ್ಲಿದ್ದೆ.

“ಈ ಕ್ಯಾಮೆರಾದಲ್ಲಿ ನಮ್ ಹೋರಿ ಬರ್ತದೇನ್ರೀ?”

“ನೀನೂ ಬರ್ತೀಯ.”

“ಹಂಗಾರೆ ತಲೆ ಬಾಚ್ಕಂಡ್ ಬರ್ಬೇಕಿತ್ತು ಮಾರಾಯ್ರೆ” ಎಂದು ನಕ್ಕ.

ಮೊದಲು ಬಿಟ್ಟ ಬೇರೆಯವರ ಹೋರಿ ಈ ತುದಿ ದಾಟುವ ಮುನ್ನವೇ ಯಜಮಾನರದನ್ನೂ ಬಿಟ್ಟರು. ಧೂಳಿನೊಳಗೆ ಎರಡೂ ಒಟ್ಟಿಗೆ ಬಂದವು. ಜನ ಕಿರುಚುತ್ತ ಕಟ್ಟೆ ಹತ್ತಿದರು. ಆಮೇಲೆ ಹುಡುಗ ನೆಲದ ಮೇಲಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮುಂದಿನ ವಾರ ಯಜಮಾನರು ಹೆಂಡತಿಯೊಂದಿಗೆ ಅಂಗಡಿಗೆ ಬಂದರು. ಆಕೆ ಒಳಗೆ ಬರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತರು.

“ಯಾವ ಹೋರಿ ತಿವೀತು ಅಂತ ನೋಡ್ಬೇಕಿತ್ರಿ” ಎಂದರು ಯಜಮಾನರು. “ಎಲ್ಲಾರೂ ನಿಮ್ದಲ್ಲ ಅಂತಾರೆ. ನಮ್ ಮುಖ ನೋಡಿ ಹಂಗೆ ಹೇಳ್ತಾರೋ ಏನೋ. ನಮ್ದೇ ಆದ್ರೆ ಕಟುಕರಿಗೆ ಕೊಟ್ಬಿಡಿ ಅಂತಾಳೆ ಇವಳು. ಕರು ಇದ್ದಾಗಿಂದ ಅವನೇ ಸಾಕಿದ್ದು. ಅವನ್ದು ಅಂತ ಇರೋದು ಅದೊಂದೇ.”

ಆ ದಿನದ ಕ್ಯಾಸೆಟ್ಟು ಹಾಕಿದೆ. ಮೂಲೆಯಲ್ಲಿ ತಾರೀಕು, ಗಂಟೆ ನಾನು ಕೂರಿಸಿದಂತೆಯೇ ಓಡುತ್ತಿದ್ದವು. ಉಳಿದಂತೆ ಪರದೆ ತುಂಬ ಚೆಂಡುಹೂವು. ಸರ ಜಾರಿ ಗಾಜಿನ ಮುಂದೆ ಇಳಿದಿತ್ತು. ಮಧ್ಯಾಹ್ನ ಒಂದು ಕಡೆ ಹೂವುಗಳು ಒಮ್ಮೆಲೇ ನಡುಗಿದವು. ಜನ ಕಟ್ಟೆ ಹತ್ತಿದ್ದು ಆಗಲೇ ಇರಬೇಕು.

“ಇನ್ನೊಂದ್ ಸಲ ಹಾಕ್ರಿ.”

“ಹೂವು ಬಿಟ್ರೆ ಏನೂ ಇಲ್ಲ ಯಜಮಾನ್ರೆ” ಎಂದರು ಮಾವ. ಆದರೂ ಹಾಕಿದೆ. ಅವರು ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಪಕ್ಕದಾಗೇ ಇದ್ರಂತೆ. ಓದಿದೋರು. ಇದ್ದದ್ದು ಹೇಳಿ.”

ಹೇಳಿದೆ. ಅವರ ಹೋರಿ ಬೀದಿಯ ನಡುವೆ ನೇರ ಹೋಗುತ್ತಿತ್ತು. ಹುಡುಗ ಹೆಸರು ಹಿಡಿದು ಕೂಗಿದ. ಅದು ದನಿ ಬಂದತ್ತ ಕತ್ತು ತಿರುಗಿಸಿತು. ಓಟ ನಿಲ್ಲಿಸದೆ ಅವನತ್ತಲೇ ಬಂತು. ಅವನು ಸರಿಯಲಿಲ್ಲ, ಎರಡೂ ಕೈ ಚಾಚಿದ. ಅದರ ಕೊಂಬು ಅವನಿಗೆ ತಾಗಿದಾಗ ಕೊರಳ ಕೊಬ್ಬರಿ ಹಾರ ನನ್ನ ಮೊಣಕಾಲಿಗೆ ಬಡಿಯಿತು. ಈಗಲೂ ಯಾರಾದರೂ ದೂರದಿಂದ ಯಾರನ್ನೋ ಕೂಗಿದರೆ ನನಗೆ ಆ ಕೈಗಳು ಕಾಣುತ್ತವೆ. ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಯಜಮಾನರು ಮತ್ತೆ ಪರದೆಯ ಹೂವುಗಳತ್ತ ತಿರುಗಿದರು.

“ಕರದ್ರೆ ಬರೋದು ಅವನೇ ಕಲ್ಸಿದ್ದು” ಎಂದರು. ಮೇಲುವಸ್ತ್ರದಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

“ನಮ್ದಲ್ಲಂತೆ ಕಣೇ. ಕ್ಯಾಸೆಟ್ನಾಗೆ ಕಾಣ್ತದೆ.”

ಆಕೆ ಬಾಗಿಲಾಚೆಯಿಂದ ನೇರವಾಗಿ ನನ್ನನ್ನೇ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಸೆರಗು ಸರಿಮಾಡಿಕೊಂಡು ಎದ್ದರು. “ಹಂಗಾರೆ ಬ್ಯಾಗ ನಡೀರಿ. ಬೆಳಿಗ್ಗಿಂದ ಅದಕ್ಕೆ ನೀರಿಟ್ಟಿಲ್ಲ ನಾನು.”