ಜಗುಲಿ ಗೋಡೆಯ ಎರಡು ಮೊಳೆ

ಅವಳ ಎಡಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಹಸಿರು. ಹೂವಿನ ತೊಟ್ಟಿನ ರಸ. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಬೆರಳಲ್ಲಿ ನಮ್ಮ ಮನೆಯ ಪೇಪರು ತಿರುವುತ್ತಿದ್ದಳಾದ್ದರಿಂದ ಹಾಳೆಗಳ ಮೂಲೆಯೂ ಹಸಿರಾಗುತ್ತಿತ್ತು. ನಮ್ಮ ಯಜಮಾನರು ಆಫೀಸಿನಿಂದ ಬಂದು ಪೇಪರು ಬಿಡಿಸಿ, ಇವತ್ತು ಯಾವ ಪುಟದ ಮೇಲೆ ಅವಳಿಗೆ ಸಿಟ್ಟು ಬಂದಿದೆ ಅಂತ ಬಣ್ಣ ನೋಡಿದರೇ ಗೊತ್ತಾಗುತ್ತದೆ ಎಂದು ನಗುತ್ತಿದ್ದರು.

ಬೀದಿಯವರು ಅವಳನ್ನು ಓದೋ ಹುಡುಗಿ ಅಂತಲೇ ಕರೆದದ್ದು. ಚಾಮರಾಜನಗರದಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತೇವೆ. ಅವಳ ಊರು ಗುಂಡ್ಲುಪೇಟೆಯಿಂದಾಚೆ. ಅವಳ ಅವ್ವ ಅಲ್ಲಿ ಬೇರೆಯವರ ಹೊಲದಲ್ಲಿ ಚೆಂಡುಹೂ ಕೀಳುವ ಕೂಲಿ. ದಿನಾ ಬಸ್ಸಿನಲ್ಲಿ ಬಂದರೆ ಮೊದಲ ಕ್ಲಾಸು ತಪ್ಪುತ್ತದೆಂದು ಕೋಣೆ ಹುಡುಕಿಕೊಂಡು ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಳು. ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ, "ಅಮ್ಮೋರೆ, ಮುಂಚೇನೇ ಹೇಳ್ಬುಡ್ತೀನಿ. ನಮ್ದು ಊರಾಚೆ ಕೇರಿ. ಆಮೇಲೆ ಗೊತ್ತಾಯ್ತು ಅಂತ ಖಾಲಿ ಮಾಡ್ಸಬೇಡಿ. ಹಿಂದ್ಲ ಮನೇಲಿ ಪರೀಕ್ಷೆ ಹೊತ್ನಲ್ಲೇ ಮಾಡ್ಸುದ್ರು" ಅಂದಳು.

ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ ನಾನು ಆಗಷ್ಟೇ ಎದ್ದಿದ್ದೆ. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಆ ಹಣೆ ಇಟ್ಟುಕೊಂಡು ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಯಜಮಾನರು, ಓದುವ ಮಗು, ಇರಲಿ ಬಿಡು ಅಂದರು. ಅದರ ಮೇಲೆ ಇನ್ನೊಂದು ಮಾತು ಆಡಲಿಲ್ಲವಲ್ಲ, ಅದೇ ಶಿವನ ದಯೆ ಅಂದುಕೊಂಡೆ. ಎರಡು ದಿನ ಅಮ್ಮೋರೆ ಅಂದಳು; ಆಮೇಲೆ ನಾನು ಹೇಳಿದ್ದಕ್ಕೆ ಅಕ್ಕ ಅಂದಳು.

ನಮ್ಮ ಬೀದಿಯ ಹೆಂಗಸರಿಗೆ ಹೂ ಕಟ್ಟುವುದೇ ಸಂಪಾದನೆ. ದೇವಸ್ಥಾನದ ಮುಂದಿನ ಹೂವಿನಂಗಡಿಯವನು ಮಧ್ಯಾಹ್ನ ಬಿಡಿಹೂ ತಂದು ಹಂಚಿಹೋಗುತ್ತಾನೆ, ಸಂಜೆ ಬಂದು ಕಟ್ಟಿದ ಹೂವನ್ನು ಅಳೆದುಕೊಂಡು ಹೋಗುತ್ತಾನೆ. ಕೂಲಿ ಮಾರಿನ ಲೆಕ್ಕ. ಎರಡೂ ಕೈ ಅಗಲಿಸಿ ಹಿಡಿದರೆ ಎಷ್ಟು ಉದ್ದವೋ ಅದು ಒಂದು ಮಾರು. ನಮ್ಮ ಜಗುಲಿಗೆ ಸಂಜೆ ನೆರಳು ಬೀಳುತ್ತದೆ, ಅದಕ್ಕೇ ಎಲ್ಲರೂ ಬುಟ್ಟಿ ಹಿಡಿದು ಇಲ್ಲಿಗೇ ಬರುತ್ತಾರೆ. ನಾನು ಕೂಲಿಗೆ ಕಟ್ಟುವವಳಲ್ಲ. ಮನೆಗೆ ಸಂಬಳ ಬರುತ್ತದೆ, ದೇವರು ಅಷ್ಟು ಕೊಟ್ಟಿದ್ದಾನೆ. ಟೀ ಕಾಸಿಕೊಟ್ಟು ಮಾತಿಗೆ ಕೂರುತ್ತಿದ್ದೆ. ಹುಡುಗಿ ಕಾಲೇಜು ಮುಗಿಸಿ ಬಂದವಳೇ ಹೆಂಗಸರ ಜೊತೆ ಕಟ್ಟಲು ಕೂತಳು. ಅವಳ ಫೀಸು, ಬಸ್ಸು, ಊಟ ಎಲ್ಲ ಅದರಿಂದಲೇ ಆಗಬೇಕಿತ್ತು.

ಕಟ್ಟುವಾಗ ಅವಳು ಹೂವನ್ನು ನೋಡುತ್ತಿರಲಿಲ್ಲ. ಪೇಪರನ್ನು ನೆಲಕ್ಕೆ ಹಾಸಿ, ಗಾಳಿಗೆ ಹಾರದ ಹಾಗೆ ದಾರದ ಉಂಡೆ ಇಟ್ಟು, ಎಲ್ಲರಿಗೂ ಕೇಳುವಂತೆ ಓದುತ್ತಾ ಹೋಗುವಳು. ಬೆರಳು ಅದರ ಪಾಡಿಗೆ ಗಂಟು ಹಾಕುತ್ತಿತ್ತು. ಪೇಪರಿಲ್ಲದ ದಿನ ಮೊಬೈಲನ್ನು ಟೀ ಲೋಟಕ್ಕೆ ಒರಗಿಸಿ ಯಾರದಾದರೂ ಭಾಷಣ ಹಾಕುವಳು. ಹಾಡು ಹಾಕಮ್ಮಿ ಅಂತ ಹೆಂಗಸರು ಗೋಗರೆದರೆ, ಇದೂ ಹಾಡೇ, ಪಲ್ಲವಿ ಒಂದೇ ಇರೋದು, ಕೇಳ್ತಿರಿ ಅನ್ನುವಳು. ಮಂತ್ರಿ ಮಾತಾಡಲಿ, ಮಠದವರು ಮಾತಾಡಲಿ, ಕೋರ್ಟಿನ ತೀರ್ಪು ಬರಲಿ, ನ್ಯಾಯ ಅನ್ನುವ ಮಾತು ಕಿವಿಗೆ ಬಿದ್ದ ತಕ್ಷಣ ಅವಳ ತಲೆ ಮೇಲೇಳುತ್ತಿತ್ತು. ಅಲ್ಲಿಂದ ಅವಳ ಭಾಷಣ ಶುರು.

ಒಂದು ದಿನ ಮೊಬೈಲಿನಲ್ಲಿ ಯಾರೋ, ಬಡವರಿಗೆ ನಾವು ನ್ಯಾಯ ಕೊಟ್ಟೇ ಕೊಡುತ್ತೇವೆ ಎಂದು ಕೂಗಿದರು. ಹುಡುಗಿ ಬೀದಿಯ ಕೊನೆಮನೆ ಅಜ್ಜಿಯ ಕಡೆ ತಿರುಗಿ, "ಕೊಡ್ತೀವಿ ಅಂದ್ರೆ ಇಷ್ಟ್ ದಿನ ಅವ್ರತ್ರನೇ ಇತ್ತು ಅಂತಾಯ್ತಲ್ಲ ಅಜ್ಜಿ?" ಅಂದಳು.

ಅಜ್ಜಿಗೆ ಒಂದು ಕಣ್ಣು ಪೊರೆ ಬಂದು ಮಂಜು. ಮನೆಯಲ್ಲಿ ಒಬ್ಬಳೇ. ದಾರ ಹಲ್ಲಲ್ಲಿ ಕಚ್ಚಿಕೊಂಡೇ, "ಬೀರೂಲಿ ಮಡ್ಗಿ ಬೀಗ ಆಕವ್ರೆ ಕಣಮ್ಮಿ. ಬೀಗದ್ ಕೈ ಎಲ್ಲೋ ಬಿದ್ದೋಗದೆ" ಅಂದಿತು.

ಇನ್ನೊಂದು ದಿನ ಸಾಲಿನ ಕೊನೆಯ ಮನುಷ್ಯನಿಗೂ ನ್ಯಾಯ ತಲುಪಬೇಕು ಅಂತ ಯಾರೋ ದೊಡ್ಡವರು ಹೇಳಿದ್ದು ಪೇಪರಿನಲ್ಲಿ ಬಂದಿತ್ತು. ಅವತ್ತು ಅವಳ ಬೆರಳೂ ನಿಂತಿತು. "ಎಲ್ರೂ ಕೊನೇವ್ನ ಬಗ್ಗೇನೇ ಮಾತಾಡ್ತಾರೆ ಅಕ್ಕ. ಅವನನ್ನ ಕೊನೇಲಿ ನಿಲ್ಸಿದ್ಯಾರು ಅಂತ ಒಬ್ರೂ ಕೇಳಲ್ಲ" ಅಂದಳು. ನಾನು ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋದೆ.

ಹೂವಿನಂಗಡಿಯವನು ನಮ್ಮ ಬೀದಿಗೇ ಎತ್ತರದ ಆಳು. ಮಾರು ಹಾಕುವಾಗ ಎದೆ ಉಬ್ಬಿಸಿ, ಹೆಗಲು ಹಿಂದಕ್ಕೆ ಸೆಳೆದು, ಬೆರಳ ತುದಿಯವರೆಗೂ ಕೈ ಚಾಚುತ್ತಿದ್ದ. ಅಳೆದಾಯಿತು, ಇನ್ನು ಉಸಿರು ಬಿಡಪ್ಪ ಅಂತ ಅಜ್ಜಿ ಛೇಡಿಸುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗೆ ಅಳೆದುಕೊಡುವವಳು ಅವನ ಹೆಂಡತಿ. ಆಕೆ ಅವನ ಎದೆಮಟ್ಟಕ್ಕೆ ಬರುತ್ತಾಳೆ. ಕೊಂಡುಕೊಳ್ಳುವಾಗ ಉದ್ದ ಕೈ, ಗಿರಾಕಿಗೆ ಕೊಡುವಾಗ ಗಿಡ್ಡ ಕೈ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಬಿಸಿಲು, ಮಳೆ ಇದ್ದ ಹಾಗೆ ಇದೂ ಒಂದು ಅಂತ ಹೆಂಗಸರು ವರ್ಷಗಟ್ಟಲೆ ಬೆರಳು ಸವೆಸಿದ್ದರು.

ಅವನು ನಮ್ಮ ಬೀದಿಯ ಸಮಿತಿಗೆ ಅಧ್ಯಕ್ಷ ಬೇರೆ. ಎರಡು ವರ್ಷದ ಹಿಂದೆ ಸ್ವಾತಂತ್ರ್ಯದ ಹಬ್ಬಕ್ಕೆ ಬೀದಿಯ ತುದಿಯಲ್ಲಿ ಶಾಮಿಯಾನ ಹಾಕಿಸಿ ಮಾತಿಗೆ ನಿಂತ. ಕೊರಳಲ್ಲಿದ್ದದ್ದು ನಮ್ಮ ಜಗುಲಿಯಲ್ಲಿ ಕಟ್ಟಿದ ಹಾರ. ಸಮಪಾಲು ಅಂದ, ನ್ಯಾಯದ ಮುಂದೆ ದೊಡ್ಡವರಿಲ್ಲ ಚಿಕ್ಕವರಿಲ್ಲ ಅಂದ, ಎಲ್ಲರಿಗೂ ಒಂದೇ ಅಳತೆ ಇರಬೇಕು ಅಂದ. ಹಾಗೆ ಹೇಳುತ್ತಾ ಎರಡೂ ಕೈ ಅಗಲಿಸಿದ. ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಸೆರಗು ಎಳೆದು, "ಅಕ್ಕ, ಭಾಷಣದಲ್ಲೂ ಮಾರು ಹಾಕ್ತಾವ್ನೆ" ಅಂದಳು. ನಗು ತಡೆಯಲು ನಾನು ಬಾಯಿಗೆ ಸೆರಗು ಇಟ್ಟುಕೊಂಡೆ. ಅವಳು ನಗುತ್ತಿರಲಿಲ್ಲ.

ಮಾರನೆಯ ಸಂಜೆ ಅವನು ಅಳೆಯಲು ಬಂದಾಗ ಅವಳು ಎದ್ದು ನಿಂತಳು.

"ಅಣ್ಣ, ನೆನ್ನೆ ಚೆನ್ನಾಗ್ ಮಾತಾಡುದ್ರಿ. ಎಲ್ಲಾರ್ಗೂ ಒಂದೇ ಅಳತೆ ಅಂದ್ರಲ್ಲ, ಅದನ್ನೇ ಮಾಡನ. ನಾಳೆಯಿಂದ ಅಳ್ಯಕೆ ಅತ್ಗೇನ ಕಳ್ಸಿ. ಗಿರಾಕಿಗೆ ಅಳ್ಯೋ ಕೈಲೇ ನಮ್ದೂ ಅಳ್ದ್ಕೊಳ್ಳಿ."

ಹೆಂಗಸರು ಗೊಳ್ಳೆಂದು ನಕ್ಕರು. ಆ ನಗುವೇ ಅವನಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. "ಓದೋಳು ಓದ್ಕಬೇಕು ಕಣಮ್ಮಿ, ಕಟ್ಟೋಳು ಕಟ್ಕಬೇಕು" ಅಂದ.

"ನಾನ್ ಎರಡೂ ಮಾಡ್ತೀನಲ್ಲ ಅಣ್ಣ" ಅಂದಳು.

ಮಾರನೆಯ ದಿನ ನಮ್ಮ ಬೀದಿಗೆ ಹೂವೇ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ನಕ್ಕವರೇ ಈಗ ಹುಡುಗಿಯನ್ನು ಬೈದರು. ನಿನ್ನ ಬಾಯಿಂದ ನಮ್ಮ ಒಲೆ ಆರಿತು ಅಂತ ಒಬ್ಬಳು ಮುಖಕ್ಕೇ ಹೇಳಿದಳು. ಹುಡುಗಿಯ ಒಲೆಯೂ ಆರಿತ್ತು. ನಾನು ಕೊಟ್ಟ ಮುದ್ದೆಯನ್ನು ಬೇಡ ಅನ್ನದೆ ಉಂಡಳು, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆ ಕಡೆ ಅಂಗಡಿಯವನು ಬೇರೆ ಬೀದಿಯಲ್ಲಿ ಕಟ್ಟಿಸಿದ ಹೂ ಗಿರಾಕಿಯ ಕೈ ಸೇರುವ ಮೊದಲೇ ಸಡಿಲವಾಗಿ ಉದುರಿತಂತೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಬೀದಿಯ ಬೆರಳಿಲ್ಲದೆ ಅವನಿಗೆ ಹಬ್ಬ ದಾಟುವುದು ಆಗುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯನ್ನೂ ಕರೆದುಕೊಂಡು, ಬಿಡಿಹೂವಿನ ಚೀಲವನ್ನೂ ಹೊತ್ತು ಬಂದ. ಹೋಗಲಿ, ಹೆಂಡತಿಯ ಅಳತೆಯೇ ಇರಲಿ ಅಂತ ಅವನೇ ಹೇಳಿದ. ಹೆಂಗಸರಿಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಬಾಯಿ ಒರೆಸಿಕೊಂಡು ಇನ್ನೊಂದು ಮಾತು ಅಂದ.

"ಆ ಉಡ್ಗಿ ಕಟ್ಟಿದ್ದು ಮಾತ್ರ ಬ್ಯಾಡ. ದೇವ್ರಿಗೆ ಓಗೋ ಊವು. ಯಾರ್ ಕೈಯಿ ಅಂತ ಜನ ಕೇಳ್ತಾರೆ."

ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಅವಳು ನಮ್ಮ ಜಗುಲಿಗೆ ಬಂದಾಗಿನಿಂದ ಕಟ್ಟಿದ್ದೆಲ್ಲ ಅದೇ ಗುಡಿಗೆ ಹೋಗಿತ್ತು. ಅವಳು ಯಾವ ಕೇರಿಯವಳು ಅಂತ ಅವನಿಗೆ ಮೊದಲ ವಾರವೇ ಗೊತ್ತಿತ್ತು. "ಅಲ್ಲಪ್ಪ, ಇಷ್ಟ್ ದಿನ ಅದೇ ಕೈಯಿ ಕಟ್ಟಿದ್ದನ್ನ ದೇವ್ರು ಮುಡ್ಕಂಡವ್ನೆ. ಆಗ ಯಾರೂ ಕೇಳ್ನಿಲ್ವ? ಅಳತೆ ಕೇಳುದ್ ಮೇಲೆ ಆ ಕೈ ಮೈಲಿಗೆ ಆಯ್ತಾ?" ಅಂದೆ. ಗಂಡಸರ ಮುಂದೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಅವನು ಕೈ ಮುಗಿದ. "ತಾಯಿ, ನಿಮ್ ಮನೇಲಿ ಯಾರ್ನ ಮಡೀಕತೀರಿ ಅಂತ ನಾನ್ ಕೇಳುದ್ನ? ನನ್ ವ್ಯಾಪಾರ ನಂಗ್ ಬುಡಿ."

ಅವಳದ್ದು ಬೇಡವೆಂದರೆ ಯಾರದ್ದೂ ಇಲ್ಲ ಅನ್ನಿ ಅಂತ ಹೆಂಗಸರಿಗೆ ಹೇಳಿದೆ. ಒಬ್ಬರೂ ತಲೆ ಎತ್ತಲಿಲ್ಲ. ನನಗೆ ಸಂಬಳದ ಮನೆ. ನನ್ನ ಮಾತಿಗೆ ಖರ್ಚಿರಲಿಲ್ಲ. ಅವರಿಗಿತ್ತು. ಅಜ್ಜಿ ಖಾಲಿ ದಾರವನ್ನೇ ಬೆರಳಿಗೆ ಸುತ್ತುತ್ತಾ ಕೂತಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಲೆ ಎತ್ತಲಾರರು ಅಂತ ಲೆಕ್ಕ ಹಾಕಿಕೊಂಡೇ ಬಂದಿದ್ದನಲ್ಲ, ಸಮಪಾಲಿನ ಭಾಷಣದವನು, ಅವನ ಮೇಲೆ.

ಹುಡುಗಿ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ತಗೊಳ್ಳಿ ಅಜ್ಜಿ, ನನ್ ಬಗ್ಗೆ ಯೋಚ್ನೆ ಮಾಡ್ಬೇಡಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ ಸುತ್ತಿಗೆ, ಎರಡು ಮೊಳೆ ಕೇಳಿದಳು. ಏತಕ್ಕೆ ಅಂದರೆ, "ಹಬ್ಬ ಮುಗುದ್ ಮೇಲೆ ಮತ್ತೆ ಇವ್ರೇ ಬಂದ್ ಕೈ ಚಾಚ್ತಾರೆ. ಅಳತೆ ಗೋಡೇಲಿರ್ಲಿ" ಅಂದಳು.

ಅಂಗಡಿಯವನ ಹೆಂಡತಿಯನ್ನು ನಮ್ಮ ಜಗುಲಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದಳು. ಆಕೆ ಎರಡೂ ಕೈ ಅಗಲಿಸಿದಳು. ಇನ್ನೂ ಸ್ವಲ್ಪ ಚಾಚು ಅಂತ ಗಂಡ ಗದರಿದ. ಆಕೆ ಅವನ ಕಡೆ ನೋಡದೆ, "ಇಷ್ಟೇ ಇರೋದು ನನ್ ಕೈ. ಅಂಗ್ಡೀಲಿ ಇಷ್ಟೇಯ ಅಳ್ಯೋದು" ಅಂದಳು. ಅಷ್ಟು ವರ್ಷದಲ್ಲಿ ಆ ಹೆಂಗಸು ನಮ್ಮ ಬೀದಿಯಲ್ಲಿ ಆಡಿದ ಮೊದಲ ಮಾತು ಅದು. ಹುಡುಗಿ ಬಲಗೈಯ ತುದಿಗೊಂದು, ಎಡಗೈಯ ತುದಿಗೊಂದು ಮೊಳೆ ಹೊಡೆದಳು. ಗೋಡೆಯ ಸುಣ್ಣ ಉದುರಿತು.

ಅವತ್ತು ಹೂವಿನ ಚೀಲ ಎಲ್ಲರ ಬುಟ್ಟಿಗೂ ಖಾಲಿಯಾಯಿತು, ಅವಳ ಬುಟ್ಟಿಯೊಂದು ಬಿಟ್ಟು. ಅವಳು ಅಜ್ಜಿಯ ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡು ಸುಮ್ಮನೆ ಕಟ್ಟುತ್ತಾ ಕೂತಳು. ಸಂಜೆ ಅಂಗಡಿಯವನು ಎಲ್ಲ ಸರಗಳನ್ನೂ ಮೊಳೆಯಿಂದ ಮೊಳೆಗೆ ಅಳೆದುಕೊಂಡು, ಅವಳದ್ದೊಂದನ್ನು ಜಗುಲಿಯ ಮೇಲೇ ಬಿಟ್ಟುಹೋದ. ನಾನು ಅದನ್ನು ಒಳಗೆ ತಂದು ನಮ್ಮ ದೇವರಿಗೆ ಏರಿಸಿದೆ. ದೇವರು ಏನೂ ಅನ್ನಲಿಲ್ಲ.

ಅಲ್ಲಿಂದ ಅವಳು ಶನಿವಾರ ಬಂತೆಂದರೆ ಗುಂಡ್ಲುಪೇಟೆ ಬಸ್ಸು ಹತ್ತಿ ಅವ್ವನ ಜೊತೆ ಚೆಂಡುಹೂ ಕೀಳಲು ಹೋಗುತ್ತಿದ್ದಳು. ಸೋಮವಾರದ ಕ್ಲಾಸುಗಳು ತಪ್ಪುತ್ತಿದ್ದವು. ಉಳಿದ ದಿನ ಸಂಜೆ ಮೊದಲಿನ ಹಾಗೇ ಜಗುಲಿಗೆ ಬಂದು, ಕಟ್ಟಲು ಹೂವಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹೆಂಗಸರಿಗೆ ಪೇಪರು ಓದಿ ಹೇಳುತ್ತಿದ್ದಳು. ಬರಬೇಡ ಅನ್ನಲು ಅವರಿಗೆ ಆಗಲಿಲ್ಲ. ಬಾ ಅನ್ನಲೂ ಆಗಲಿಲ್ಲ.

ಹಬ್ಬವೆಲ್ಲ ಮುಗಿದ ಮೇಲೆ ಒಂದು ದಿನ ಪೇಪರಿನ ಒಳಪುಟದಲ್ಲಿ ಅಂಗಡಿಯವನ ಫೋಟೋ ಬಂತು. ಯಾವುದೋ ಸಭೆಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಅವನು ಅಲ್ಲೂ ಸಾಮಾಜಿಕ ನ್ಯಾಯದ ಬಗ್ಗೆ ಮಾತಾಡಿದ್ದ. ಜಾತಿ ನೋಡದೆ ದುಡಿಯುವ ಕೈಗೆ ಬೆಲೆ ಕೊಡಬೇಕು ಅಂದಿದ್ದನಂತೆ. ಹುಡುಗಿ ಅದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ ಸಮನೆ ಓದಿದಳು. ನಡುವೆ ಎಲ್ಲೂ ತಲೆ ಎತ್ತಲಿಲ್ಲ. ಓದಿ ಮುಗಿಸಿ ಪೇಪರು ಮಡಿಸಿದಳು. ಅವಳ ಬಾಯಿಂದ ಏನಾದರೂ ಬರುತ್ತದೆ ಅಂತ ಎಲ್ಲರೂ ಕಾದರು.

"ಏನೂ ಅನ್ನಲ್ವಮ್ಮಿ?" ಅಂತ ಅಜ್ಜಿಯೇ ಕೇಳಿತು.

"ಇಷ್ಟ್ ದಿನ ನಾನೇ ಹೇಳ್ದೆ ಅಜ್ಜಿ. ಇದ್ಕೆ ನೀವ್ ಹೇಳಿ" ಅಂದಳು.

ಹೆಂಗಸರೆಲ್ಲ ಬುಟ್ಟಿಗೆ ಬಗ್ಗಿ ದಾರ ಎಳೆಯತೊಡಗಿದರು.

ಅವಳು ಪಾಸಾದಳು, ಅದೂ ಒಳ್ಳೆಯ ನಂಬರಿನಲ್ಲಿ. ತಪ್ಪಿದ ಕ್ಲಾಸುಗಳನ್ನು ನೆನೆದರೆ ಅದು ಹೇಗಾಯಿತೋ ಶಿವನಿಗೇ ಗೊತ್ತು. ಈಗ ಮೈಸೂರಿನಲ್ಲಿ ಲಾ ಓದುತ್ತಿದ್ದಾಳೆ. ಭಾನುವಾರ ಫೋನು ಮಾಡಿ, ಅಳತೆ ಸರಿಯಾಗಿ ನಡೆಯುತ್ತಿದೆಯಾ ಅಕ್ಕ ಅಂತ ಕೇಳುತ್ತಾಳೆ. ನಡೆಯುತ್ತಿದೆ ಅನ್ನುತ್ತೇನೆ. ನಿಜವಾಗಿಯೂ ನಡೆಯುತ್ತಿದೆ. ಪಕ್ಕದ ಬೀದಿಯವರೂ ಬಂದು ನಮ್ಮ ಗೋಡೆಯಲ್ಲೇ ಅಳೆಸಿ ಕೊಡುತ್ತಾರೆ. ಆದರೆ ಅವಳು ಇವತ್ತು ಬಂದು ಒಂದು ಮಾರು ಕಟ್ಟಿದರೆ ಅವನು ಇವತ್ತಿಗೂ ಅದನ್ನು ಮುಟ್ಟುವುದಿಲ್ಲ. ಅದನ್ನು ಫೋನಿನಲ್ಲಿ ಅವಳೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಹೋದ ವಾರ ಕೂಲಿ ಎಣಿಸಿ ಸೆರಗಿಗೆ ಗಂಟು ಹಾಕುತ್ತಾ ಒಬ್ಬಳು, ಎಲ್ಲ ಆ ಓದೋ ಹುಡುಗಿಯ ಪುಣ್ಯ ಅಂದಳು. ಸಣ್ಣಪುಟ್ಟದಕ್ಕೆಲ್ಲ ದೇವರಿಗೆ ಕೈ ಮುಗಿಯುವವಳು ನಾನು. ಆದರೂ ಆ ಮಾತು ನನಗೆ ಸಹಿಸಲಾಗಲಿಲ್ಲ. ಪುಣ್ಯ ಅಂದುಬಿಟ್ಟರೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ ನೋಡಿ. ಪುಣ್ಯ ಅನ್ನಬೇಡ, ಅವಳ ಕೈ ತಪ್ಪಿದ ಪಾಲು ಅನ್ನು ಅಂತ ಗದರಿದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಬುಟ್ಟಿ ಎತ್ತಿಕೊಂಡು ಹೊರಟಳು.

ಕೊನೆಮನೆ ಅಜ್ಜಿ ಮಾತ್ರ ಏಳಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿ, "ಅವ್ಳ್ ಪಾಲೇಯ ಕಣವ್ವ. ದಿನಾ ಉಣ್ತಾ ಇವ್ನಿ" ಅಂದಿತು.