ಎಡಗೈಯಲ್ಲಿ ಕೊಟ್ಟ ಚಹಾ

ಹೋದ ವಾರ ಪ್ರಯೋಗಾಲಯದ ಹಳೆಯ ಕಪಾಟನ್ನು ಖಾಲಿ ಮಾಡಿಸುತ್ತಿದ್ದೆ. ತಳದ ಖಾನೆಯಲ್ಲಿ ದನದ ರಕ್ತ ಸವರಿದ ಗಾಜಿನ ಸ್ಲೈಡುಗಳ ಪೆಟ್ಟಿಗೆಯೊಂದು ಸಿಕ್ಕಿತು. ಒಂದೊಂದು ಸ್ಲೈಡಿಗೂ ಹಳೆಯ ಕ್ಯಾಲೆಂಡರಿನ ಚೂರು ಸುತ್ತಿತ್ತು. ಅದರ ಮೇಲೆ ಕೆಂಪು ಬಾಲ್‌ಪೆನ್ನಿನ ಗುಂಡು ಗುಂಡು ಅಕ್ಷರ. ‘ಗಂಗಿ, ಸಾಯಗಾಂವ’. ‘ಚಂದ್ರಿ, ಬಲಗೋಡು ಮುರದದ’. ‘ಹೆಸರಿಲ್ಲ, ಭಾಳ ಹಾಯ್ತದ’. ನನ್ನ ವಿದ್ಯಾರ್ಥಿನಿ ಓದಿ ಓದಿ ನಕ್ಕಳು. ನಗಲಿ ಬಿಡಿ, ಒಂದು ಕಾಲಕ್ಕೆ ನಾನೂ ನಕ್ಕವಳೇ. ಪೆಟ್ಟಿಗೆ ಎತ್ತಿಕೊಂಡು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅದು ಕಂಪೌಂಡರ್ ಕಾಕಾರ ಅಕ್ಷರ. ಭಾಲ್ಕಿ ಕಡೆಯ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ ಅವರು ಡಾಕ್ಟರರ ಕೈಕೆಳಗೆ ಇದ್ದರು. ಸರಕಾರದ ಕಾಗದದಲ್ಲಿ ಅವರ ಹುದ್ದೆಗೆ ಬೇರೇನೋ ಹೆಸರಿತ್ತು, ನಮ್ಮ ಕಡೆ ಮಾತ್ರ ಡಾಕ್ಟರ್ ಅಲ್ಲದವರೆಲ್ಲ ಕಂಪೌಂಡರೇ.

ಸಾಲುಸಾಲಾಗಿ ಮಳೆ ಕೈಕೊಟ್ಟ ವರ್ಷಗಳವು. ನಾನು ಬೀದರಿನ ಮೈಲೂರಿನವಳು, ನಮ್ಮ ಮನೆಯಲ್ಲಿ ಸೂಕ್ಷ್ಮದರ್ಶಕ ಮುಟ್ಟಿದವರಲ್ಲಿ ಮೊದಲಿಗಳು, ಆ ಜಂಬವೂ ಸಾಕಷ್ಟಿತ್ತು. ನನ್ನ ಸಂಶೋಧನೆ ದನಗಳ ಮೈಮೇಲಿನ ಉಣ್ಣಿ ಹುಳದಿಂದ ಹರಡುವ ಒಂದು ಪರೋಪಜೀವಿಯದು. ಕಣ್ಣಿಗೆ ಕಾಣದ ಈ ಜೀವಿ ದನದ ಬಿಳಿ ರಕ್ತಕಣದೊಳಗೆ ಹೊಕ್ಕು ಕೂತರೆ ಅದನ್ನು ಕೊಲ್ಲುವುದಿಲ್ಲ. ಬದಲಿಗೆ, ಬೆಳೆ ಬೆಳೆ ಎಂದು ಹುರಿದುಂಬಿಸುತ್ತದೆ. ಆ ಕಣ ಥೇಟ್ ಕ್ಯಾನ್ಸರಿನ ಹಾಗೆ ಲಗಾಮಿಲ್ಲದೆ ಹೆಚ್ಚುತ್ತದೆ, ಭುಜದ ಮುಂದಿನ ಗಂಟು ಊದುತ್ತದೆ, ಜ್ವರ ಬಂದು ದನ ನೆಲ ಹಿಡಿಯುತ್ತದೆ. ಹೊತ್ತಿಗೆ ಸರಿಯಾಗಿ ಸೂಜಿಮದ್ದು ಬಿದ್ದರೆ ಒಳಗಿನ ಜೀವಿ ಸಾಯುತ್ತದೆ, ರಕ್ತಕಣದ ಹುಚ್ಚೂ ಇಳಿಯುತ್ತದೆ. ಈ ಹುಚ್ಚು ಹಿಡಿಸುವ ವಂಶವಾಹಿ ಯಾವುದು? ನಮ್ಮ ದೇವಣಿ ತಳಿಯ ದನ ಇದನ್ನು ತಡೆದುಕೊಳ್ಳುತ್ತದೆ, ಜರ್ಸಿ ಯಾಕೆ ಸಾಯುತ್ತದೆ? ಇದನ್ನು ಹುಡುಕಲು ರಕ್ತ ಬೇಕಿತ್ತು.

ಔರಾದ್ ಹತ್ತಿರ ಬರಕ್ಕೆಂದು ಸರಕಾರದವರು ಗೋಶಾಲೆ ತೆರೆದಿದ್ದರು. ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಟ ಮಂದಿ ದನಗಳನ್ನು ಅಲ್ಲಿ ಕಟ್ಟಿ, ಅವುಗಳ ಹಣೆ ಸವರಿ ಬಸ್ ಹತ್ತುತ್ತಿದ್ದರು. ಎರಡು ತಾಲ್ಲೂಕಿನ ದನ ಒಂದೇ ಕಡೆ! ಊರೂರು ಅಲೆಯುವ ಕಷ್ಟ ನನಗೆ ತಪ್ಪಿತು. ಹೇಳಲು ನಾಚಿಕೆಯಾಗುತ್ತದೆ, ಜಿಲ್ಲೆಗೆ ಬರ ಬಂದಿತ್ತು, ನನಗೆ ಮಾತ್ರ ಹಬ್ಬ. ಗೋಶಾಲೆಯ ಉಸ್ತುವಾರಿಗೆ ಕಾಕಾರನ್ನು ಹಾಕಿದ್ದರು.

ಅವರು ದನದ ಕಿವಿಯ ಹತ್ತಿರ ಏನೋ ಗುಣುಗುಟ್ಟುತ್ತ, ಮೂರು ಬೆರಳನ್ನು ಭುಜದ ಮುಂದೆ ಒತ್ತಿ, ಕಣ್ಣು ಮುಚ್ಚಿ ಹೇಳುತ್ತಿದ್ದರು, ಇದಕ್ಕಿದೆ, ಇದಕ್ಕಿಲ್ಲ ಎಂದು. ಆಮೇಲೆ ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ಅದೇ ಇರುತ್ತಿತ್ತು. ನನಗೂ ಬೆರಳೊತ್ತಲು ಕಲಿಸಿದರು. ಸ್ಲೈಡಿಗೆ ನಂಬರ್ ಹಾಕಿ ಎಂದು ಎಷ್ಟು ಗೋಗರೆದರೂ ಕೇಳಲಿಲ್ಲ.

“ನಂಬರ್ ಕರದ್ರ ದನ ತಿರುಗಿ ನೋಡ್ತದೇನ್ರಿ ಮೇಡಂ? ನಾಳಿಗಿ ಇದರ ಮಾಲಕ ಬಂದು ನನ್ನ ಗಂಗಿ ಹ್ಯಾಂಗಿದ್ಳು ಅಂದ್ರ, ನಲವತ್ತೇಳು ಆರಾಮ ಇತ್ತು ಅಂತ ಹೇಳ್ಲಿ?”

ಒಂದು ದಿನ, ಮದ್ದು ಕೊಟ್ಟ ಜರ್ಸಿ ಕಡಸೊಂದು ಎದ್ದು ನಿಂತು ಮೇವಿಗೆ ಬಾಯಿ ಹಾಕಿತು. ಗಂಟು ಅರ್ಧಕ್ಕರ್ಧ ಇಳಿದಿತ್ತು. ನಾನು ಸಗಣಿಯಲ್ಲೇ ಕುಣಿದೆ. “ಕಾಕಾ, ಇದು ಕ್ಯಾನ್ಸರಿನಂಥಾದ್ದೇ ರೀ! ಒಳಗಿನ ಹುಳ ಸತ್ತ ಕೂಡ್ಲೆ ಹಿಂದಕ್ಕ ತಿರುಗ್ತು ನೋಡ್ರಿ!” ಎಂದು ಕೂಗಿದೆ.

“ಹಿಂದಕ್ಕ ತಿರುಗ್ತದೇನ್ರಿ?” ಎಂದರು ಕಾಕಾ. ತಿರುಗುತ್ತದೆ ಎಂದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮತ್ತೆ ಕೇಳಿದರು, ಗಂಟು ಪೂರ್ತಿ ಕರಗಲು ಎಷ್ಟು ದಿನ ಬೇಕು ಎಂದು. ನಾನು ಅದನ್ನು ವಿಜ್ಞಾನದ ಕುತೂಹಲ ಎಂದುಕೊಂಡೆ. ಓದಿದ್ದರೆ ನೀವು ದೊಡ್ಡ ವಿಜ್ಞಾನಿ ಆಗುತ್ತಿದ್ದಿರಿ ಎಂದು ಹೊಗಳಿಯೂ ಬಿಟ್ಟೆ. ಅವರು ರೊಟ್ಟಿ ಮುರಿಯುತ್ತ ಕೂತಿದ್ದರು...

ಮುಂದಿನ ಭಾನುವಾರ ಮನೆಗೆ ಚಹಾಕ್ಕೆ ಕರೆದರು. ನಮ್ಮ ಮನೆಯಾಕೆಗೆ ನಿಮ್ಮನ್ನು ನೋಡಬೇಕಂತೆ ಎಂದರು. ಹೋದೆ. ಓಣಿಯಲ್ಲಿ ಸಾಲು ಬೀಗ. ಹತ್ತು ಬಾಗಿಲಲ್ಲಿ ಎರಡೋ ಮೂರೋ ತೆರೆದಿದ್ದವು. ನನ್ನನ್ನು ಕೂರಿಸಿ ಕಾಕಾ, ದನಕ್ಕೆ ನೀರು ತೋರಿಸಿ ಬರುತ್ತೇನೆ ಎಂದು ಎದ್ದು ಹೋದರು. ಒಳಗಿನಿಂದ ಅವರ ಹೆಂಡತಿ, ಕಾಕು, ಬಂದರು. ಸೆರಗು ಬಿಗಿಯಾಗಿ ಹೊದ್ದಿದ್ದರು, ಬಲಗೈ ಅದರೊಳಗೇ ಇತ್ತು. ಎಡಗೈಯಲ್ಲಿ ಚಹಾದ ಕಪ್ಪು ಚಾಚಿದರು.

ಎಡಗೈ. ನಮ್ಮ ಕಡೆ ಭಿಕ್ಷುಕನಿಗೂ ಎಡಗೈಯಲ್ಲಿ ಕೊಡುವುದಿಲ್ಲ. ನಮ್ಮದು ಅಜ್ಜನ ಕಾಲಕ್ಕೆ ಬೌದ್ಧರಾದ ಮನೆತನ. ಅಜ್ಜನನ್ನು ಅಂಗಳದಾಚೆ ನಿಲ್ಲಿಸಿ ಮೇಲಿಂದ ಬೊಗಸೆಗೆ ನೀರು ಸುರಿಯುತ್ತಿದ್ದ ಕತೆಗಳನ್ನು ಕೇಳಿಯೇ ಬೆಳೆದವಳು ನಾನು. ಓಹೋ, ನನ್ನ ಜಾತಿ ವಿಚಾರಿಸಿದ್ದಾರೆ ಎಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಕಾಕು ಎದುರಿಗೆ ಕೂತು, “ತಂಗಿ, ನಿಮಗೊಂದು ಮಾತು ಕೇಳೋದಿತ್ತು...” ಎಂದರು. ಕೆಲಸವಿದೆ ಎಂದೆ. ಅರ್ಧ ಚಹಾ ಬಿಟ್ಟು ಎದ್ದೆ, ಕಾಕಾ ಬರುವ ಮೊದಲೇ ಬಸ್ ನಿಲ್ದಾಣದಲ್ಲಿದ್ದೆ.

ಆಮೇಲೆ ಕಾಕಾರ ಜೊತೆ ದನದ ಮಾತಷ್ಟೇ. ಅವರು ಹೊಂದಿಸಿಕೊಂಡು ಹೋದರು, ನಾನು ಬಿಗಿದುಕೊಂಡೇ ಇದ್ದೆ. ಸ್ಯಾಂಪಲ್ಲು ಕಟ್ಟಿಕೊಂಡು ನನ್ನ ಸಂಶೋಧನಾ ಸಂಸ್ಥೆಗೆ ಹೋದವಳು ಎರಡು ತಿಂಗಳ ಮೇಲೆ ಗೋಶಾಲೆಗೆ ಮರಳಿದೆ. ಕಾಕಾ ಬೇವಿನ ಮರದ ಕೆಳಗೆ ಒಬ್ಬರೇ ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು ಬಂದರು.

“ಮೇಡಂ, ತೂಕ ನೋಡೇ ಕೊಟ್ಟಿನ್ರಿ. ಎರಡು ಸಲ ಕೊಟ್ಟಿನಿ. ಗಂಟು ಕರಗವಲ್ದು.”

ಯಾವ ದನಕ್ಕೆ ಎಂದೆ. ಅವರು ನೆಲ ನೋಡಿದರು.

“ದನಕ್ಕಲ್ರಿ... ನಮ್ಮ ಮನ್ಯಾಕಿಗಿ. ಬಲ ಬಗಲಾಗ ಅದ. ಕೈ ಎತ್ಲಾಕ ಬರಲ್ದು.”

ಅಂಗಡಿಯಿಂದ ತಾವೇ ಆ ದನದ ಮದ್ದಿನ ಸೀಸೆ ತಂದು, ದನಕ್ಕೆ ಲೆಕ್ಕ ಹಾಕುವ ಹಾಗೆಯೇ ಹೆಂಡತಿಯ ತೂಕಕ್ಕೆ ಲೆಕ್ಕ ಹಾಕಿ, ತಮ್ಮ ಕೈಯಾರೆ ಸೂಜಿ ಚುಚ್ಚಿದ್ದರು. ಹೆಣ್ಣುಮಕ್ಕಳ ಕಾಯಿಲೆ, ಯಾರ ಮುಂದೆ ಹೇಳುವುದು? ದವಾಖಾನೆಗೆ ಕಾಕುವಿನ ಜೊತೆಗೆ ಹೋಗಬೇಕಾದ ಹೆಂಗಸರೆಲ್ಲ ದುಡಿಯಲು ಊರು ಬಿಟ್ಟಿದ್ದರು. “ನಿಮ್ಮ ಮುಂದರ ಬಾಯಿ ಬಿಡ್ಲಿ ಅಂತ ಚಾಕ್ಕ ಕರದಿದ್ದೆ. ನಿಮಗ ಗಡಬಡಿ ಇತ್ತಂತ,” ಎಂದರು.

ದಿನಕ್ಕೆ ಮೂವತ್ತು ದನಗಳ ಭುಜ ಮುಟ್ಟಿ ಗಂಟು ಹುಡುಕುತ್ತಿದ್ದವಳು ನಾನು. ಎದುರಿಗೆ ಬಂದು ನಿಂತ ಹೆಂಗಸಿನ ಕೈ ಏಕೆ ಮೇಲೇಳುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಈ ಮದ್ದು ಮನುಷ್ಯರ ಕ್ಯಾನ್ಸರಿಗೆ ಅಲ್ಲ ಕಾಕಾ, ಅದರೊಳಗೆ ಹುಳ ಇರುವುದಿಲ್ಲ, ಕೊಲ್ಲಲು ಏನೂ ಇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಹೇಳುತ್ತಿದ್ದ ಹಾಗೆ ಅವರ ಮುಖ... ಅದನ್ನು ಬರೆಯಲಾರೆ. ಮರುದಿನವೇ ಹೈದರಾಬಾದಿಗೆ ಕರೆದೊಯ್ದೆವು. ಬಸ್ಸಿನಲ್ಲಿ ಕಾಕು ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಕಾಕಾ ನನ್ನ ಕಡೆ ನೋಡಲೂ ಇಲ್ಲ. ಗೊತ್ತಾಗಲಿಲ್ಲ ಸಾಹೇಬ್ರ ಎಂದಷ್ಟೇ ಹೇಳಿದರು.

ಮಳೆ ಬರುವ ಮೊದಲೇ ಕಾಕು ಹೋಗಿಬಿಟ್ಟರು.

ಮಾತಾಡಿಸಲು ಹೋದೆ. ನನ್ನ ತಪ್ಪು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಕಾಕಾ ಅದಕ್ಕೂ ಎಡೆ ಕೊಡಲಿಲ್ಲ. “ನೀವು ದನದ್ದೇ ಹೇಳಿದ್ರಿ ಯವ್ವಾ. ನಾನೇ ಆಕಿದು ಅಂತ ಕೇಳ್ಕೊಂಡೆ,” ಎಂದರು. ಮೇಡಂ ಎನ್ನುವುದು ಬಿಟ್ಟು ಯವ್ವಾ ಎಂದದ್ದು ಅದೇ ಮೊದಲು. ಆಮೇಲೆ ಸಣ್ಣ ವಿಷಯವೊಂದು ನೆನಪಾದವರ ಹಾಗೆ ಕೇಳಿದರು.

“ಅವತ್ತು ನೀವು ಚಾ ಪೂರಾ ಕುಡಿಲಿಲ್ಲಂತ. ಸಕ್ರಿ ಕಮ್ಮಿ ಆಗಿತ್ತೇನೋ ಅಂತ ಆಕಿ ಭಾಳ ದಿವಸ ಅಂತಿದ್ಳು. ಕಮ್ಮಿ ಆಗಿತ್ತೇನ್ರಿ?”

ಹ್ಞೂಂ ಕಾಕಾ, ಸ್ವಲ್ಪ ಕಮ್ಮಿ ಇತ್ತು ಎಂದೆ. ಅವರು ತಲೆಯಾಡಿಸಿದರು.

ಆ ಸ್ಲೈಡುಗಳಿಂದಲೇ ನನಗೆ ಡಾಕ್ಟರೇಟ್ ಬಂತು. ಇವತ್ತಿಗೂ ಅದೇ ಪರೋಪಜೀವಿಯ ವಂಶವಾಹಿಗಳ ಬೆನ್ನು ಹತ್ತಿದ್ದೇನೆ. ಯಾರಾದರೂ ಉತ್ಸಾಹದಿಂದ ಇದರಿಂದ ಮನುಷ್ಯರ ಕ್ಯಾನ್ಸರ್ ಗುಣವಾಗುತ್ತದಾ ಎಂದು ಕೇಳಿದರೆ ಮೊದಲು ಇಲ್ಲ ಎಂದು ಹೇಳಿ, ಆಮೇಲೆ ಮುಂದಿನ ಮಾತು ಆಡುತ್ತೇನೆ. ಎರಡು ವರ್ಷದ ಹಿಂದೆ ಹೊಸ ಸ್ಯಾಂಪಲ್ಲಿಗೆಂದು ಆ ದವಾಖಾನೆಗೆ ಫೋನ್ ಮಾಡಿ ಕಾಕಾರನ್ನು ವಿಚಾರಿಸಿದೆ. ಅವರು ತೀರಿಕೊಂಡು ಭಾಳ ದಿವಸ ಆಯ್ತಲ್ರಿ ಎಂದಿತು ಆ ಕಡೆಯ ಎಳೆಯ ದನಿ. ಹೌದಾ ಎಂದು, ಇಪ್ಪತ್ತು ಟ್ಯೂಬು ಕಳಿಸಿ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಅತ್ತೆ.

ನನ್ನ ತಪ್ಪಿಗೆ ಅವರು ಬೈದಿದ್ದರೆ ಸಹಿಸುತ್ತಿದ್ದೆ. ಅವರು ಬೈಯಲಿಲ್ಲ, ನಾನು ಆಡಿದ ಸುಳ್ಳನ್ನೂ ನಂಬಿಕೊಂಡೇ ಹೋದರು. ಕಾಕುವಿನ ಚಹಾದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು, ಕಾಕಾ.